ಇಲ್ಲದ ಲೇಖನ

‘ಶಾಸ್ತ್ರದಲ್ಲಿ ಹೇಳಿದೆ’ ಎಂಬ ಮಾತಿಗೆ ವಿದ್ಯಾವಂತರ ಮನೆಗಳಲ್ಲಿ ಹಿಂದಿನಿಂದಲೂ ಒಂದು ವಿಶೇಷವಾದ ಗೌರವವುಂಟು. ಯಾವ ಶಾಸ್ತ್ರ, ಯಾವ ಅಧ್ಯಾಯ, ಯಾವ ಶ್ಲೋಕ ಎಂದು ಕೇಳುವ ಧೈರ್ಯ ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ. ಕೇಳಿದರೆ ಕೇಳಿದವನೇ ಅಧಿಕಪ್ರಸಂಗಿಯೆನಿಸಿಕೊಳ್ಳುತ್ತಾನೆ. ಕಾಲ ಬದಲಾಗಿ ಶಾಸ್ತ್ರದ ಪೀಠದಲ್ಲಿ ಈಗ ಸಂಶೋಧನೆ ಬಂದು ಕುಳಿತಿದೆಯಾದರೂ ಗೌರವದ ರೀತಿ ಮಾತ್ರ ಬದಲಾಗಿಲ್ಲ. ‘ಸಂಶೋಧನೆ ಹೀಗೆ ಹೇಳುತ್ತದೆ’ ಎಂದರೆ ಅಡಿಗೆಮನೆಯಲ್ಲಿ ಎಣ್ಣೆ ಬದಲಾಗುತ್ತದೆ. ಮಕ್ಕಳ ಊಟದ ಹೊತ್ತು ಬದಲಾಗುತ್ತದೆ. ವೃದ್ಧರ ಕಾಫಿಗೆ ಸಂಚಕಾರ ಬರುತ್ತದೆ. ಆ ಸಂಶೋಧನೆ ಯಾರದು, ಎಲ್ಲಿ ಅಚ್ಚಾಯಿತು, ಹೇಳಿದವರು ಅದನ್ನು ಕಣ್ಣಾರೆ ಕಂಡರೇ ಎಂದು ವಿಚಾರಿಸುವವರು ವಿರಳ. ಹಾಸನದ ಒಂದು ಮನೆಯಲ್ಲಿ ಹೀಗೆ ವಿಚಾರಿಸದೆ ಹೋದುದರ ಫಲವನ್ನು ಹದಿನೇಳು ವರ್ಷದ ಹುಡುಗನೊಬ್ಬನ ಮೊಣಕೈ ಅನುಭವಿಸಬೇಕಾಯಿತು.

ಆ ಮನೆಯ ಹಿರಿಯರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ರಾತ್ರಿ ಒಂಬತ್ತಕ್ಕೆ ದೀಪವಾರಿಸಿ ಮಲಗುವುದು, ಬೆಳಗಿನ ಜಾವ ನಾಲ್ಕಕ್ಕೆ ಏಳುವುದು ಅವರ ಬಹುಕಾಲದ ಪದ್ಧತಿ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಕಲ್ಲಿನಲ್ಲಿ ಕೊರೆದಂತೆ ನಿಲ್ಲುತ್ತದೆಂಬುದು ಅವರ ಸಿದ್ಧಾಂತ. ಸೊಸೆ ಬ್ಯಾಂಕಿನ ನೌಕರಿಯಲ್ಲಿರುವಾಕೆ, ಲೆಕ್ಕದಲ್ಲಿ ಖಚಿತ. ಮಗನು ಎರಡನೆಯ ಪಿ.ಯು.ಸಿ.ಯಲ್ಲಿದ್ದಾನೆ, ಪರೀಕ್ಷೆಗೆ ಆರು ತಿಂಗಳು, ಓದತಕ್ಕದ್ದು ಇಷ್ಟು, ಉಳಿದಿರುವ ಗಂಟೆಗಳು ಇಷ್ಟು, ಆದಕಾರಣ ನಿದ್ದೆಯ ಖಾತೆಯಿಂದ ಸ್ವಲ್ಪ ತೆಗೆದು ಓದಿನ ಖಾತೆಗೆ ಹಾಕದೆ ಗತ್ಯಂತರವಿಲ್ಲ ಎಂಬುದು ಆಕೆಯ ವಾದ. ಮಾವನವರು ಬೆಳಗಿನ ಜಾವವನ್ನು ಬಿಡರು. ತಾಯಿ ನಡುರಾತ್ರಿಯನ್ನು ಬಿಡಳು. ಹುಡುಗನ ನಿದ್ದೆ ಎರಡು ತುದಿಯಿಂದಲೂ ಸವೆಯುತ್ತ ಬಂದಿತು. ತಂದೆಯಾದರೋ, ಇಂಥ ಸಂದರ್ಭಗಳಲ್ಲಿ ತಂದೆಯರು ಮಾಡುವಂತೆ, ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತರು. ಕೊನೆಗೆ ಒಂದು ದಿನ ತಾತನೇ ಹೇಳಿದರು: “ಈ ಜಗಳ ನಮ್ಮಿಂದ ತೀರೋದಲ್ಲ. ಮನಸ್ಸಿನ ವಿಷಯವನ್ನೇ ಓದುತ್ತಿರೋ ಮೊಮ್ಮಗಳು ಮೈಸೂರಿನಲ್ಲಿ ಇದ್ದಾಳಲ್ಲ, ಅವಳನ್ನೇ ಕೇಳಮ್ಮ.”

ಮೊಮ್ಮಗಳು ಮೈಸೂರಿನಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿದ್ದಳು. ಆ ಊರಿಗೂ ಆ ಶಾಸ್ತ್ರಕ್ಕೂ ಇರುವ ನಂಟು ಹಳೆಯದು. ಲಂಡನ್ನಿನಲ್ಲಿ ಸ್ಪಿಯರ್ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಗಳ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಯಿತು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯೆಂಬ ರೇಡಿಯೋ ನಿಲಯವನ್ನು ನಡೆಸತೊಡಗಿದವರೂ ಅವರೇ. ಆ ದಿನಗಳಲ್ಲಿ ಈ ಶಾಸ್ತ್ರವನ್ನು ಕಲಿಯುವವನಿಗೆ ಓದಲು ಸಿಗುತ್ತಿದ್ದ ವಿದ್ವತ್ಪತ್ರಿಕೆಗಳು ಬೆರಳೆಣಿಕೆಯವು: ಇಂಗ್ಲೆಂಡಿನ ‘ಮೈಂಡ್’ 1876ರಲ್ಲಿಯೂ, ಅಮೆರಿಕೆಯ ‘ಅಮೆರಿಕನ್ ಜರ್ನಲ್ ಆಫ್ ಸೈಕಾಲಜಿ’ 1887ರಲ್ಲಿಯೂ ಹುಟ್ಟಿದ್ದವು. ಈಗಿನ ಕಷ್ಟ ಬೇರೆ. ಅಂದು ಬಾವಿ ಆಳವಾಗಿತ್ತು, ಹಗ್ಗ ಸಾಲದು. ಇಂದು ಎಲ್ಲೆಲ್ಲಿಯೂ ನೀರು, ಕುಡಿಯತಕ್ಕದ್ದು ಯಾವುದೆಂದು ತಿಳಿಯದು.

ಅದೇ ಸಮಯಕ್ಕೆ ಅವಳ ಅಧ್ಯಾಪಿಕೆಯೂ ‘ನಿದ್ರೆ ಮತ್ತು ನೆನಪು’ ಎಂಬ ವಿಷಯದ ಮೇಲೆ ಒಂದು ಪ್ರಬಂಧವನ್ನು ಬರೆಯಲು ಹೇಳಿದ್ದರು. ನಿಬಂಧನೆ ಒಂದೇ: ಹತ್ತು ಲೇಖನಗಳನ್ನಾದರೂ ಆಧಾರವಾಗಿ ಹೇಳಬೇಕು, ಅವು ಪಠ್ಯಪುಸ್ತಕದವಾಗಲಿ ವೃತ್ತಪತ್ರಿಕೆಯವಾಗಲಿ ಆಗಕೂಡದು, ವಿದ್ವತ್ಪತ್ರಿಕೆಗಳಲ್ಲಿ ಬಂದವಾಗಿರಬೇಕು. ವಿದ್ವತ್ಪತ್ರಿಕೆಯ ಲಕ್ಷಣವೇನೆಂದರೆ, ಅಲ್ಲಿಗೆ ಬಂದ ಲೇಖನವನ್ನು ಸಂಪಾದಕರು ಅದೇ ವಿಷಯದಲ್ಲಿ ಕೆಲಸ ಮಾಡಿರುವ ಇಬ್ಬರು ಮೂವರು ಪಂಡಿತರಿಗೆ ಕಳುಹಿಸುತ್ತಾರೆ, ಅವರು ತಪ್ಪು ತೋರಿಸಿ, ಸಂದೇಹ ಕೇಳಿ, ತಿದ್ದಿಸಿದ ಮೇಲೆ ಅದು ಅಚ್ಚಾಗುತ್ತದೆ, ಇಲ್ಲವೆ ಹಿಂದಿರುಗುತ್ತದೆ. ಲೇಖನದಲ್ಲಿ ಪ್ರಯೋಗವನ್ನು ಮಾಡಿದ ಬಗೆಯನ್ನು ಇನ್ನೊಬ್ಬನು ಮಾಡಿ ನೋಡಬಹುದಾದಷ್ಟು ವಿವರವಾಗಿ ಹೇಳಿರಬೇಕು. ಈ ಏರ್ಪಾಟಿನಿಂದ ತಪ್ಪೇ ನುಸುಳುವುದಿಲ್ಲವೆಂದಲ್ಲ. ನುಸುಳಿದರೆ ಹಿಡಿಯಲು ದಾರಿ ಉಳಿದಿರುತ್ತದೆ, ಅಷ್ಟೆ.

ಹುಡುಗಿ ಒಂದು ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಇಂಗ್ಲಿಷಿನಲ್ಲಿ ನಿದ್ರೆ, ನೆನಪು ಎಂಬ ಎರಡು ಮಾತುಗಳನ್ನು ಹಾಕಿ ಹುಡುಕಿದಳು. ಲಕ್ಷಗಟ್ಟಲೆ ಲೇಖನಗಳಿವೆಯೆಂದು ಉತ್ತರ ಬಂದಿತು. ಮೊದಲನೆಯದು ಇಲಿಗಳನ್ನು ಕುರಿತದ್ದು. ಎರಡನೆಯದರ ಸಾರಾಂಶ ಮಾತ್ರ ಕಂಡಿತು, ಪೂರ್ತಿ ಓದಬೇಕಾದರೆ ನಲವತ್ತು ಡಾಲರು ಕೊಡಬೇಕು. ಮೂರನೆಯದು ಸಿಕ್ಕಿತು, ಅರ್ಥವಾಗಲಿಲ್ಲ. ಗಂಟೆ ಹತ್ತಾಯಿತು. ಹಾಸ್ಟೆಲಿನ ಗೆಳತಿಯೊಬ್ಬಳು ಕರುಣೆಯಿಂದ ದಾರಿ ತೋರಿಸಿದಳು. ಕೇಳಿದ ಪ್ರಶ್ನೆಗೆ ಮನುಷ್ಯರಂತೆಯೇ ಉತ್ತರ ಬರೆದುಕೊಡುವ ಯಂತ್ರಗಳು ಈಗ ಎಲ್ಲರ ಕೈಗೂ ಎಟುಕುತ್ತವಷ್ಟೆ. ಅಂಥದೊಂದನ್ನು ಕೇಳಿದ ಕೂಡಲೆ ಹತ್ತು ಲೇಖನಗಳ ಪಟ್ಟಿ ಬಂದಿತು: ಲೇಖಕರ ಹೆಸರು, ವರ್ಷ, ಪತ್ರಿಕೆ, ಸಂಪುಟ, ಪುಟಸಂಖ್ಯೆ, ಪ್ರತಿಯೊಂದಕ್ಕೂ ನಾಲ್ಕು ಸಾಲಿನ ಸಾರಾಂಶ. ಏಳನೆಯದು ಮನೆಯ ಜಗಳಕ್ಕೆ ಹೇಳಿ ಮಾಡಿಸಿದಂತಿತ್ತು. ಹದಿನಾರು ಹದಿನೇಳು ವಯಸ್ಸಿನವರು ನಾಲ್ಕೂವರೆ ಗಂಟೆ ಗಾಢವಾಗಿ ಮಲಗಿ, ಬೆಳಗಿನ ಜಾವ ಎದ್ದು ಓದಿದರೆ ನೆನಪು ಹೆಚ್ಚುತ್ತದೆಯೆಂದು ಅದು ಸಾರುತ್ತಿತ್ತು.

ಅವಳು ಆ ರಾತ್ರಿಯೇ ಮನೆಗೆ ಫೋನು ಮಾಡಿದಳು. “ಅಮ್ಮ, ದೊಡ್ಡ ಪತ್ರಿಕೆಯಲ್ಲಿ ಬಂದಿದೆ. ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಎದ್ದರೆ ಸಾಕಂತೆ.” ತಾಯಿಗೆ ನಡುರಾತ್ರಿಯೂ ಉಳಿಯಿತು, ತಾತನಿಗೆ ಬೆಳಗಿನ ಜಾವವೂ ಉಳಿಯಿತು, ರಾಜಿಯೆಂದರೆ ಇದು ಎಂದು ಇಬ್ಬರೂ ಮೆಚ್ಚಿದರು. ಹುಡುಗನನ್ನು ಯಾರೂ ಕೇಳಲಿಲ್ಲ. ಮಾರನೆಯ ದಿನದಿಂದ ಆ ಮನೆಯ ಗಡಿಯಾರ ಸಂಶೋಧನೆಯ ಪ್ರಕಾರ ನಡೆಯತೊಡಗಿತು.

ಮೂರು ವಾರ ಕಳೆಯಿತು. ಪ್ರಬಂಧದ ಮೊದಲ ಕರಡನ್ನು ನೋಡಿದ ಅಧ್ಯಾಪಿಕೆ ಹುಡುಗಿಯನ್ನು ಕರೆದು, ಏಳನೆಯ ಲೇಖನದ ಮೇಲೆ ಬೆರಳಿಟ್ಟು, “ಇದು ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ಪ್ರತಿ ತಂದುಕೊಡಮ್ಮ, ಓದಬೇಕು” ಎಂದರು. ಆ ಮಾತಿನಲ್ಲಿ ಸಂದೇಹವಿರಲಿಲ್ಲ, ಕುತೂಹಲ ಮಾತ್ರವಿದ್ದಿತು. ಹುಡುಗಿ, “ತರ್ತೀನಿ, ಮೇಡಂ” ಎಂದಳು. ಆ ಕ್ಷಣದಲ್ಲಿಯೇ ಅವಳಿಗೆ ಹೊಳೆದದ್ದೇನೆಂದರೆ, ತಾನೂ ಅದನ್ನು ಓದಿರಲಿಲ್ಲ.

ಆ ಸಂಜೆ ಅವಳು ಹುಡುಕಿದಳು. ಪತ್ರಿಕೆ ಇತ್ತು, ಅದಕ್ಕೆ ಆ ಸಂಪುಟವೂ ಇತ್ತು, ಆ ಪುಟಗಳಲ್ಲಿ ಇದ್ದದ್ದು ಮಾತ್ರ ಶಿಶುಗಳು ಬಣ್ಣವನ್ನು ಗುರುತಿಸುವ ವಿಷಯ. ಈಚಿನ ಲೇಖನಗಳಿಗೆಲ್ಲ ಡಿ. ಓ. ಐ. ಎಂಬ ಒಂದೊಂದು ಗುರುತಿನ ಸಂಖ್ಯೆಯಿರುತ್ತದೆ. ಮನೆಯ ನಂಬರಿನಂತೆ ಒಂದಕ್ಕೆ ಇದ್ದದ್ದು ಇನ್ನೊಂದಕ್ಕೆ ಇರುವುದಿಲ್ಲ. ಪಟ್ಟಿಯಲ್ಲಿ ಕೊಟ್ಟಿದ್ದ ಸಂಖ್ಯೆಯನ್ನು ಹಾಕಿ ನೋಡಿದರೆ ಅಂಥ ಸಂಖ್ಯೆಯೇ ಇಲ್ಲವೆಂಬ ಉತ್ತರ. ಲೇಖಕರಲ್ಲಿ ಒಬ್ಬರು ನಿಜವಾದ ಪಂಡಿತರು, ನಿದ್ರೆಯ ವಿಷಯದಲ್ಲಿಯೇ ಹೆಸರಾದವರು. ಅವರ ಬರೆಹಗಳ ಪಟ್ಟಿಯಲ್ಲಿ ಈ ಲೇಖನವಿರಲಿಲ್ಲ. ಕೈ ನಡುಗುತ್ತ ಉಳಿದ ಒಂಬತ್ತನ್ನೂ ನೋಡಿದಳು. ಐದು ಸರಿಯಾಗಿದ್ದವು, ಎರಡರಲ್ಲಿ ವರ್ಷವೋ ಪತ್ರಿಕೆಯೋ ತಪ್ಪು, ಇನ್ನೆರಡು ಏಳನೆಯದರ ಹಾಗೆಯೇ ಎಲ್ಲಿಯೂ ಇಲ್ಲ. ಅಂಥ ಯಂತ್ರವು ಬರಿಯ ತನ್ನ ಅಭ್ಯಾಸಬಲದಿಂದ ಉತ್ತರ ಕೊಡುವಾಗ ಕಪಾಟಿನ ಬಾಗಿಲು ತೆರೆದು ನೋಡಿ ಹೇಳುವುದಿಲ್ಲ. ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂದು ಎಣಿಸಿ ಜೋಡಿಸುತ್ತದೆ. ಹಾಗೆ ಜೋಡಿಸಿದ್ದು ನಿಜವೂ ಆಗಿರಬಹುದು; ನಿಜದಂತೆ ಕೇಳಿಸುವುದಂತೂ ಖಂಡಿತ.

ಅವಳು ಪರದೆಯ ಮುಂದೆ ಸುಮ್ಮನೆ ಕುಳಿತಿದ್ದಾಗ ಮನೆಯಿಂದ ಫೋನು ಬಂದಿತು. ತಮ್ಮನು ಬೆಳಿಗ್ಗೆ ಪಾಠಕ್ಕೆ ಹೋಗುವಾಗ ಬೈಸಿಕಲ್ಲಿನ ಮೇಲೆಯೇ ತೂಕಡಿಸಿ ಚರಂಡಿಗೆ ಬಿದ್ದಿದ್ದ. ಮೂಳೆಗೆ ಏನೂ ಆಗಿಲ್ಲ, ಮೊಣಕೈಗೆ ಆರು ಹೊಲಿಗೆ, ಹೆದರಬೇಡವೆಂದು ತಾಯಿ ಹೇಳಿದಳು. ಹಿಂದುಗಡೆಯಿಂದ ಬಸ್ಸು ಬರುತ್ತಿದ್ದುದನ್ನು ಮಾತ್ರ ತಾತ ಫೋನು ಇಸಕೊಂಡು ಹೇಳಿದರು. ಹುಡುಗಿ ಆ ರಾತ್ರಿ ನಿದ್ದೆ ಮಾಡಲಿಲ್ಲವೆಂಬುದನ್ನು ವಾಚಕರು ಊಹಿಸಬಹುದು. ಪ್ರಬಂಧದ ಅಂಕ ಹೋದರೆ ಹೋಗಲಿ; ಅಂಕ ಹೋದಷ್ಟಕ್ಕೆ ಯಾರ ಮೊಣಕೈಯೂ ಸೀಳುವುದಿಲ್ಲ. ಇಲ್ಲದ ಒಂದು ಲೇಖನವು ತನ್ನ ಬಾಯಿಂದ ಹೊರಟು ತನ್ನ ಮನೆಯನ್ನೇ ಹೊಕ್ಕಿತಲ್ಲ ಎಂಬುದು ಅವಳನ್ನು ಸುಟ್ಟಿತು.

ಮಾರನೆಯ ದಿನ ಅವಳು ಗ್ರಂಥಭಂಡಾರಕ್ಕೆ ಹೋದಳು. ಅಲ್ಲಿ ಪತ್ರಿಕೆಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರು. ಅವಳು ನಾಚಿಕೆ ಬಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವರು ನಗಲಿಲ್ಲ. “ನಮ್ಮ ವಿದ್ಯೆಗೆ ಗುರುಗಳಾದ ರಂಗನಾಥನ್ನರು ಐದು ಸೂತ್ರ ಹೇಳಿದ್ದಾರಮ್ಮ. ಓದುವವನ ಕಾಲವನ್ನು ಉಳಿಸು ಅನ್ನೋದು ನಾಲ್ಕನೆಯದು. ಹುಡುಕೋ ಕಾಲವನ್ನು ಉಳಿಸು ಅಂತ ಅವರು ಹೇಳಿದ್ದು, ಓದೋ ಕಾಲವನ್ನಲ್ಲ. ನೀನು ಎರಡನ್ನೂ ಉಳಿಸೋಕೆ ಹೋದೆ” ಎಂದರು. ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ನರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದದ್ದು 1924ರಲ್ಲಿ. ಆ ಐದು ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಗ್ರಂಥಭಂಡಾರ ವಿದ್ಯೆಯ ಸಂಶೋಧನಕೇಂದ್ರವೊಂದನ್ನು ಸ್ಥಾಪಿಸಿದರು.

ಅವಳ ಪಠ್ಯಪುಸ್ತಕದಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಿದ್ರೆ ಮತ್ತು ಮರೆವನ್ನು ಕುರಿತು ಒಂದು ಹಳೆಯ ಪ್ರಯೋಗ ನಡೆಯಿತೆಂದು ಒಂದೇ ಸಾಲು ಇತ್ತು. ಅದರಿಂದಲೇ ಆರಂಭಿಸು ಎಂದರು ಅವರು. ಅವಳು ಶಿರೋನಾಮೆಯಲ್ಲಿ ‘ನೆನಪು’ ಎಂಬುದಕ್ಕೆ ಇಂಗ್ಲಿಷಿನ ಮಾತನ್ನು ಹಾಕಿ ಹುಡುಕಿದಳು, ‘ಮರೆವು’ ಎಂಬುದಕ್ಕೆ ಇರುವ ಸಾಮಾನ್ಯವಾದ ಮಾತನ್ನೂ ಹಾಕಿ ಹುಡುಕಿದಳು, ಸಿಕ್ಕಲಿಲ್ಲ. “ನೀನು ನಿನ್ನ ಕಾಲದ ಮಾತಿನಲ್ಲಿ ಕೇಳ್ತಾ ಇದ್ದೀಯ, ಅವರು ಅವರ ಕಾಲದ ಮಾತಿನಲ್ಲಿ ಬರೆದಿದ್ದಾರೆ. ವಿಸ್ಮೃತಿ ಅಂತ ಬರೆದವರನ್ನು ಮರೆವು ಅಂತ ಕೂಗಿದರೆ ಓ ಅಂತಾರೆಯೆ?” ಎಂದು ಹೇಳಿ, ಅವರು ಆ ಎರಡೂ ಮಾತನ್ನು ಬಿಟ್ಟು, ನಿದ್ರೆಯೆಂಬ ಮಾತನ್ನೂ ಕಾರ್ನೆಲ್ಲಿನ ಅಧ್ಯಾಪಕರೊಬ್ಬರ ಹೆಸರನ್ನೂ ಸೇರಿಸಿ ಹುಡುಕಿದರು. ಲೇಖನ ಎದ್ದು ಬಂದಿತು. ಅದರ ಶಿರೋನಾಮೆಯಲ್ಲಿದ್ದದ್ದು ‘ಆಬ್ಲಿವಿಸೆನ್ಸ್’ ಎಂಬ ಮಾತು. ಈಗ ಆ ಮಾತನ್ನು ಬಳಸುವವರಿಲ್ಲ. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು ಬರೆದದ್ದು, ‘ಅಮೆರಿಕನ್ ಜರ್ನಲ್ ಆಫ್ ಸೈಕಾಲಜಿ’ಯ 35ನೆಯ ಸಂಪುಟ, 605ರಿಂದ 612ನೆಯ ಪುಟದವರೆಗೆ, ವರ್ಷ, ಮೈಸೂರಿನ ವಿಭಾಗ ಹುಟ್ಟಿದ ಅದೇ 1924.

ಈ ಶಬ್ದದ ತೊಡಕು ಹೊಸದಲ್ಲ. ಅದನ್ನು ಬಿಡಿಸುವುದಕ್ಕೆಂದೇ ಅಮೆರಿಕೆಯ ಮನಶ್ಶಾಸ್ತ್ರಜ್ಞರ ಸಂಘವು 1927ರಲ್ಲಿ ‘ಸೈಕಲಾಜಿಕಲ್ ಅಬ್‌ಸ್ಟ್ರಾಕ್ಟ್ಸ್’ ಎಂಬ ಸಾರಸಂಗ್ರಹವನ್ನು ಆರಂಭಿಸಿತು. ಬೇರೆ ಬೇರೆ ಪತ್ರಿಕೆಗಳ ಲೇಖನಗಳನ್ನು ಒಬ್ಬರು ಓದಿ, ಸಾರವನ್ನು ಬರೆದು, ವಿಷಯವಾರು ಸೂಚಿಯಲ್ಲಿ ಸೇರಿಸುವುದು ಅದರ ಕ್ರಮ. ಅದು 2006ರಲ್ಲಿ ಅಚ್ಚಾಗುವುದು ನಿಂತಿತು. ‘ಸೈಕ್‌ಇನ್‌ಫೋ’ ಎಂಬ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಮುಂದುವರಿದಿದೆ. 1974ರಲ್ಲಿ ಅದೇ ಸಂಘವು ಸೂಚೀಪದಗಳ ಕೋಶವೊಂದನ್ನೂ ಹೊರಡಿಸಿತು. ಲೇಖಕನು ಯಾವ ಮಾತನ್ನೇ ಬಳಸಿರಲಿ, ಸೂಚಿಯಲ್ಲಿ ಅದಕ್ಕೆ ಒಪ್ಪಿತವಾದ ಒಂದೇ ಹೆಸರು. ಆ ಹೆಸರನ್ನು ತಿಳಿದವನಿಗೆ ಚದುರಿದ ಲೇಖನಗಳು ಒಂದೆಡೆ ಸಿಗುತ್ತವೆ. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಶ್ರೀನಿವಾಸ, ಊರಿನಲ್ಲಿ ಶೀನಪ್ಪನೆನಿಸಿಕೊಳ್ಳುವವನು ಮತದಾರರ ಪಟ್ಟಿಯಲ್ಲಿ ಒಬ್ಬನೇ ಆಗಿರುವಂತೆ ಇದು.

ಹಳೆಯ ಸಂಪುಟಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಇಟ್ಟಿರುವ ‘ಜೆಸ್ಟೋರ್’ ಎಂಬ ಭಂಡಾರ 1995ರಲ್ಲಿ ಸ್ಥಾಪಿತವಾದದ್ದು. ಹೆಸರು ನೋಂದಾಯಿಸಿಕೊಂಡವರಿಗೆ ತಿಂಗಳಿಗೆ ಇಷ್ಟು ಲೇಖನವೆಂದು ಬೆಲೆಯಿಲ್ಲದೆ ಓದಗೊಡುತ್ತದೆ. ಹುಡುಗಿ ಅಲ್ಲಿಯೇ ಕುಳಿತು ಆ ಎಂಟು ಪುಟಗಳನ್ನು ಓದಿದಳು. ಇಬ್ಬರೇ ಇಬ್ಬರು ವಿದ್ಯಾರ್ಥಿಗಳು. ಅವರಿಗೆ ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿಸುವುದು. ಒಮ್ಮೆ ಕಲಿತ ಕೂಡಲೆ ಮಲಗಿಸುವುದು, ಇನ್ನೊಮ್ಮೆ ಎಚ್ಚರವಾಗಿಯೇ ಇರಗೊಡುವುದು. ಒಂದು, ಎರಡು, ನಾಲ್ಕು, ಎಂಟು ಗಂಟೆಗಳ ಅನಂತರ ಎಷ್ಟು ಉಳಿದಿದೆಯೆಂದು ಕೇಳುವುದು. ಎಂಟು ಗಂಟೆ ಮಲಗಿದ್ದವರಿಗೆ ಹತ್ತರಲ್ಲಿ ಐದಕ್ಕಿಂತ ಹೆಚ್ಚು ಉಳಿದಿತ್ತು. ಎಂಟು ಗಂಟೆ ಎಚ್ಚರವಿದ್ದವರಿಗೆ ಸರಾಸರಿ ಒಂದೂ ಉಳಿಯುವುದು ಕಷ್ಟವಾಗಿತ್ತು. ಮರೆವೆಂದರೆ ಹಳೆಯದು ತಾನಾಗಿ ಕರಗುವುದಕ್ಕಿಂತ ಹೆಚ್ಚಾಗಿ, ಹೊಸದು ಬಂದು ಹಳೆಯದನ್ನು ಅಳಿಸುವುದು ಎಂದು ಅವರು ಊಹಿಸಿದರು. ಬೇರೆಯವರು ಹೇಳಿದ ಸಾರಾಂಶದಲ್ಲಿ ಇಲ್ಲದ ಒಂದು ಸಂಗತಿಯೂ ಅವಳಿಗೆ ಕಂಡಿತು. ಮಲಗುವ ಸರದಿಯವರು ಕಲಿಯುತ್ತಿದ್ದದ್ದು ರಾತ್ರಿ, ಎಚ್ಚರವಿರುವ ಸರದಿಯವರು ಬೆಳಿಗ್ಗೆ. ಹಾಗಾದರೆ ಭೇದವೆಲ್ಲವೂ ನಿದ್ದೆಯದೋ, ಹೊತ್ತಿನ ಪಾಲೂ ಅದರಲ್ಲಿದೆಯೋ? ತನ್ನದೇ ಆದ ಒಂದು ಪ್ರಶ್ನೆ ಅವಳಿಗೆ ಹುಟ್ಟಿದ್ದು ಅದೇ ಮೊದಲು.

ಒಂದು ಲೇಖನ ಕೈಗೆ ಸಿಕ್ಕಿದರೆ ಹಿಂದಕ್ಕೂ ಮುಂದಕ್ಕೂ ನಡೆಯಬಹುದೆಂದು ಗ್ರಂಥಪಾಲರು ತೋರಿಸಿದರು. ಲೇಖಕನು ಯಾರನ್ನು ಹೆಸರಿಸಿದ್ದಾನೆಂದು ನೋಡಿದರೆ ಹಿಂದಿನ ದಾರಿ. ಅವನನ್ನು ಯಾರು ಹೆಸರಿಸಿದ್ದಾರೆಂದು ನೋಡಿದರೆ ಮುಂದಿನ ದಾರಿ. ಹಿಂದಕ್ಕೆ ಹೋದರೆ ಎಬ್ಬಿಂಗ್‌ಹೌಸ್ ಸಿಕ್ಕಿದನು. ತಾನೊಬ್ಬನೇ ಪ್ರಯೋಗಕಾರನೂ ಪ್ರಯೋಗಪಾತ್ರನೂ ಆಗಿ ಮರೆವನ್ನು ಅಳೆದು 1885ರಲ್ಲಿ ಪುಸ್ತಕ ಬರೆದ ಜರ್ಮನ್ ಪಂಡಿತ. ಮುಂದಕ್ಕೆ ಬರಲು 2004ರಲ್ಲಿ ಆರಂಭವಾದ ‘ಗೂಗಲ್ ಸ್ಕಾಲರ್’ ಎಂಬ ಶೋಧಕ ನೆರವಾಯಿತು. ಪ್ರತಿಯೊಂದು ಲೇಖನದ ಕೆಳಗೂ ಅದನ್ನು ಹೆಸರಿಸಿದವರ ಪಟ್ಟಿಯನ್ನು ಅದು ತೆರೆಯುತ್ತದೆ. ಅಲ್ಲಿ 2015ರ ಒಂದು ಲೇಖನ ಕಂಡಿತು: ಮುರ್ರೆ ಮತ್ತು ಡ್ರೋಸ್ ಎಂಬವರು ಎಬ್ಬಿಂಗ್‌ಹೌಸನ ಪ್ರಯೋಗವನ್ನೇ ಮತ್ತೆ ಮಾಡಿ, ಹೆಚ್ಚು ಕಡಮೆ ಅದೇ ಫಲವನ್ನು ಪಡೆದಿದ್ದರು. ‘ಪ್ಲಾಸ್ ಒನ್’ ಎಂಬ ಆ ಪತ್ರಿಕೆಯನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಓದಬಹುದು. 2013ರಲ್ಲಿ ರಾಶ್ ಮತ್ತು ಬಾರ್ನ್ ಎಂಬವರು ನಿದ್ರೆ ನೆನಪುಗಳ ವಿಷಯದಲ್ಲಿ ಅಂದಿನವರೆಗೆ ನಡೆದ ಕೆಲಸವನ್ನೆಲ್ಲ ಎಂಬತ್ತಕ್ಕೂ ಮಿಕ್ಕ ಪುಟಗಳಲ್ಲಿ ವಿಮರ್ಶಿಸಿದ್ದರು. ಹೊಸಬರು ಮೊದಲು ಹಿಡಿಯಬೇಕಾದದ್ದು ಇಂಥ ವಿಮರ್ಶಾಲೇಖನಗಳನ್ನೆಂದು ಗ್ರಂಥಪಾಲರು ಹೇಳಿದರು.

ಬೆಲೆಯ ತೊಡಕಿಗೂ ಅವರಲ್ಲಿ ಉಪಾಯಗಳಿದ್ದವು. ಕೇಂದ್ರಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿ 2025ರ ಜನವರಿಯಿಂದ ಜಾರಿಗೆ ತಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ಸರ್ಕಾರಕ್ಕೆ ಸೇರಿದ ಸುಮಾರು 6,300 ವಿದ್ಯಾಸಂಸ್ಥೆಗಳಿಗೆ ದೊರೆಯಬೇಕೆಂದು ಏರ್ಪಾಡಾಗಿದೆ. ಮೊದಲ ದಿನ ನಲವತ್ತು ಡಾಲರು ಕೇಳಿದ ಲೇಖನವು, ಗ್ರಂಥಭಂಡಾರದ ಮೂಲಕ ಹೋದಾಗ ಮಾತಿಲ್ಲದೆ ತೆರೆದುಕೊಂಡಿತು. ಅಲ್ಲಿಯೂ ಸಿಗದಿದ್ದರೆ ಲೇಖಕರಿಗೇ ವಿನಯದಿಂದ ಒಂದು ಕಾಗದ ಬರೆಯಬಹುದು. ತಮ್ಮ ಲೇಖನವನ್ನು ಓದುವವರಿದ್ದಾರೆಂಬ ಸಂತೋಷಕ್ಕೆ ಹಲವರು ಕೂಡಲೆ ಕಳುಹಿಸಿಕೊಡುತ್ತಾರೆ.

ಹೀಗೆ ಎರಡು ವಾರ ಕಳೆದ ಮೇಲೆ, ಹುಡುಗಿ ಲೇಖನಗಳ ಮೇಲೆ ಮೊದಲಿನ ಭಕ್ತಿಯನ್ನೂ ಕಳೆದುಕೊಂಡಳು, ಕೊನೆಗೆ ಬಂದ ಜುಗುಪ್ಸೆಯನ್ನೂ ಕಳೆದುಕೊಂಡಳು. ಅಚ್ಚಾದದ್ದೆಲ್ಲ ಸತ್ಯವಲ್ಲವೆಂಬುದನ್ನು ಆ ಶಾಸ್ತ್ರದವರೇ ಪರೀಕ್ಷಿಸಿ ಹೇಳಿದ್ದಾರೆ. 2008ರಲ್ಲಿ ಮೂರು ಪ್ರಸಿದ್ಧ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಹಲವು ದೇಶಗಳ ಪಂಡಿತರು ಕೂಡಿ ಮತ್ತೆ ಮಾಡಿ, 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ಮೂಲದಲ್ಲಿ 97ರಷ್ಟು ಅಧ್ಯಯನಗಳು ಗಣನೀಯವಾದ ಫಲವನ್ನು ತೋರಿಸಿದ್ದವು. ಮರುಪ್ರಯೋಗದಲ್ಲಿ ಹಾಗೆ ತೋರಿಸಿದವು ಶೇಕಡ 36 ಮಾತ್ರ. ಇದು ಆ ಶಾಸ್ತ್ರಕ್ಕೆ ಅವಮಾನವೆಂದು ಕೆಲವರು ಎಣಿಸಬಹುದು. ತನ್ನ ಲೆಕ್ಕವನ್ನು ತಾನೇ ತನಿಖೆ ಮಾಡಿ, ಕೊರತೆಯನ್ನು ತಾನೇ ಬೀದಿಯಲ್ಲಿ ಸಾರುವ ಅಂಗಡಿಯನ್ನು ನಂಬಬೇಕೋ ಬಿಡಬೇಕೋ ಎಂಬುದನ್ನು ವಾಚಕರೇ ಯೋಚಿಸಬೇಕು.

ದಸರೆಯ ರಜಕ್ಕೆ ಅವಳು ಹಾಸನಕ್ಕೆ ಹೋದಳು. ತಮ್ಮನ ಮೊಣಕೈಯ ಪಟ್ಟಿ ಬಿಚ್ಚಿತ್ತು. ಕಣ್ಣಿನ ಕೆಳಗಿನ ಕಪ್ಪು ಹಾಗೆಯೇ ಇತ್ತು. ರಾತ್ರಿ ಊಟವಾದ ಮೇಲೆ ಎಲ್ಲರೂ ಕುಳಿತಿದ್ದಾಗ ಅವಳು ಹೇಳಿದಳು: “ಅಮ್ಮ, ನಾನು ಹೇಳಿದ ಆ ಲೇಖನ ಇಲ್ಲ. ಯಾರೂ ಬರೆದೇ ಇಲ್ಲ. ನಾನು ಓದದೆಯೇ ನಿಮಗೆ ಹೇಳಿಬಿಟ್ಟೆ.” ಯಾರೂ ಮಾತನಾಡಲಿಲ್ಲ. ತಂದೆ ವೃತ್ತಪತ್ರಿಕೆಯನ್ನು ಕೆಳಗಿಟ್ಟರು. ತಾಯಿ ಬಹಳ ಹೊತ್ತು ಮಗನ ಮೊಣಕೈಯನ್ನೇ ನೋಡುತ್ತಿದ್ದು, ಆಮೇಲೆ ಹೇಳಿದಳು: “ನೀನು ಓದಿದೆಯಾ ಅಂತ ನಾನಾದರೂ ಕೇಳಬೇಕಾಗಿತ್ತು. ಬ್ಯಾಂಕಿನಲ್ಲಿ ಓಚರು ಇಲ್ಲದೆ ಒಂದು ರೂಪಾಯಿ ಕೊಡೋದಿಲ್ಲ. ಮಗನ ನಿದ್ದೆಯನ್ನು ಓಚರಿಲ್ಲದೆ ಕೊಟ್ಟುಬಿಟ್ಟೆ.”

“ಹಾಗಾದರೆ ನಿಜವಾಗಿ ಇರೋದು ಏನಮ್ಮ?” ಎಂದು ತಾತ ಕೇಳಿದರು. ಅವಳು ತಂದಿದ್ದ ಕಾಗದಗಳನ್ನು ಹರಡಿದಳು. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕೆಂದು ಅಮೆರಿಕೆಯ ನಿದ್ರಾವೈದ್ಯರ ಸಂಸ್ಥೆಯು 2016ರಲ್ಲಿ ಹೇಳಿತ್ತು. ಇನ್ನೊಂದು, 2019ರಲ್ಲಿ ಬಂದದ್ದು: ಅಮೆರಿಕೆಯ ಎಂ. ಐ. ಟಿ.ಯಲ್ಲಿ ರಸಾಯನಶಾಸ್ತ್ರದ ಆರಂಭದ ತರಗತಿಯ 88 ವಿದ್ಯಾರ್ಥಿಗಳ ನಿದ್ದೆಯನ್ನು ಒಂದು ಅವಧಿಯುದ್ದಕ್ಕೂ ಮಣಿಕಟ್ಟಿಗೆ ಕಟ್ಟಿದ ಯಂತ್ರದಿಂದ ಅಳೆದಿದ್ದರು. ವಿದ್ಯಾರ್ಥಿಗಳ ಅಂಕಗಳಲ್ಲಿ ಕಂಡ ವ್ಯತ್ಯಾಸದ ಸುಮಾರು ಕಾಲು ಭಾಗವು ನಿದ್ದೆಯ ವ್ಯತ್ಯಾಸದೊಡನೆ ಹೊಂದಿಕೊಂಡು ನಡೆದಿತ್ತು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ; ಅದಕ್ಕೆ ಮುಂಚಿನ ವಾರದ, ತಿಂಗಳ ನಿದ್ದೆಗೆ ಕಂಡಿತು. “ಆದರೆ ನಿದ್ದೆಯಿಂದಲೇ ಅಂಕ ಬಂತು ಅಂತ ಇದರಿಂದ ಹೇಳೋಕೆ ಆಗೋದಿಲ್ಲ ತಾತ. ಚೆನ್ನಾಗಿ ಓದೋರೇ ನೆಮ್ಮದಿಯಾಗಿ ಮಲಗ್ತಾರೋ ಏನೋ. ಅವರೂ ಅಷ್ಟನ್ನೇ ಹೇಳಿದ್ದಾರೆ” ಎಂದಳು.

“ನನ್ನ ಬ್ರಾಹ್ಮೀ ಮುಹೂರ್ತದ ಗತಿ?”

“ನಾನು ಓದಿದ್ದರಲ್ಲಿ ಅದರ ವಿಷಯ ಇಲ್ಲ, ತಾತ. ನೀವು ಒಂಬತ್ತಕ್ಕೆ ಮಲಗ್ತೀರಿ. ನಾಲ್ಕಕ್ಕೆ ಏಳೋ ಹೊತ್ತಿಗೆ ಏಳು ಗಂಟೆ ನಿದ್ದೆ ಆಗಿರುತ್ತೆ. ಅವನಿಗೆ ಅದೇ ನಾಲ್ಕು ಗಂಟೆ ನಡುರಾತ್ರಿ.”

ವೃದ್ಧರು ಸ್ವಲ್ಪ ಹೊತ್ತು ಯೋಚಿಸಿ, ಕನ್ನಡಕವನ್ನು ಹಾಕಿಕೊಂಡು, ಕಾಗದಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಮುವ್ವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಅದು; ಇಂಗ್ಲಿಷಿನ ಆ ಲೇಖನವನ್ನು ಸಾಲು ಸಾಲಾಗಿ ಓದುತ್ತ, ತಿಳಿಯದ ಕಡೆಗೆಲ್ಲ ಅಂಚಿನಲ್ಲಿ ಪೆನ್ಸಿಲಿನ ಗುರುತು ಹಾಕತೊಡಗಿದರು. ಅಂದು ಅವರು ಒಂಬತ್ತಕ್ಕೆ ಮಲಗಲಿಲ್ಲ. ಮಲಗಿದವನು ಹುಡುಗ; ಹತ್ತಕ್ಕೆ ತಾಯಿಯೇ ಎದ್ದುಹೋಗಿ ಅವನ ಕೋಣೆಯ ದೀಪವಾರಿಸಿದಳು, ಆರಕ್ಕೆ ಮೊದಲು ಯಾರೂ ಎಬ್ಬಿಸಕೂಡದೆಂದು ಗೊತ್ತಾಯಿತು.

ಪ್ರಬಂಧವು ಕೊನೆಗೆ ಅಧ್ಯಾಪಿಕೆಯ ಕೈಸೇರಿದಾಗ ಅದರಲ್ಲಿ ಹತ್ತು ಲೇಖನಗಳಿರಲಿಲ್ಲ, ಎಂಟೇ ಇದ್ದವು. ಓದಿದ್ದು ಇಷ್ಟೇ ಎಂದೂ, ಮೊದಲ ಕರಡಿನ ಏಳನೆಯ ಲೇಖನ ಇಲ್ಲವೆಂದೂ, ಅದು ಬಂದ ಬಗೆ ಹೀಗೆಂದೂ ಹುಡುಗಿ ಒಂದು ಪುಟದಲ್ಲಿ ಬೇರೆಯಾಗಿ ಬರೆದಿಟ್ಟಿದ್ದಳು. ನಿಬಂಧನೆಯಂತೆ ಎರಡು ಲೇಖನ ಕಡಮೆಯಾದುದಕ್ಕೆ ಅಧ್ಯಾಪಿಕೆ ಅಂಕವನ್ನು ಕಳೆದರು. ಆ ಪುಟವನ್ನು ಮಾತ್ರ ಅವಳ ಅಪ್ಪಣೆ ಕೇಳಿ, ಹೆಸರನ್ನು ತೆಗೆದು, ಮುಂದಿನ ವರ್ಷದವರಿಗೆ ತೋರಿಸಲು ಇಟ್ಟುಕೊಂಡರು.

ಹಾಸನದ ಆ ಮನೆಯಲ್ಲಿ ಜಗಳಗಳು ನಿಂತಿಲ್ಲ, ಜಗಳವಿಲ್ಲದ ಮನೆಯುಂಟೆ? ಒಂದು ದಿನ ತಾಯಿ ಮೊಬೈಲಿನಲ್ಲಿ ಬಂದ ಏನನ್ನೋ ಓದಿ, “ಬೆಳಿಗ್ಗೆ ಕಾಫಿ ಕುಡಿಯೋದು ಬಹಳ ಕೆಟ್ಟದ್ದಂತೆ, ಸಂಶೋಧನೆ ಹೇಳುತ್ತೆ” ಎಂದಳು. ಒಳಗೆ ಓದುತ್ತಿದ್ದ ಹುಡುಗ ಅಲ್ಲಿಂದಲೇ ಕೂಗಿದ: “ಓಚರು ಎಲ್ಲಮ್ಮ?” ತಾತ ತಮ್ಮ ಲೋಟವನ್ನು ನೆಮ್ಮದಿಯಿಂದ ಮೇಲೆತ್ತಿದರು.